ಕೆಂಪು ಬಳೆಯ ಕಂಬ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ವಿದ್ಯುತ್ ಕಚೇರಿಯ ಕಿಟಕಿಯ ಹಿಂದೆ ಇಪ್ಪತ್ತೆಂಟು ವರ್ಷ ಕೂತವಳು ಮೆತ್ತಗೆ ಮಾತಾಡಿದರೆ ಜನ ತಲೆಯ ಮೇಲೆ ಮೆಣಸು ಅರೆಯುತ್ತಾರೆ. "ಏನ್ ಬಾಯೇ ನಿಂದು! ಚಂಡಮಾರುತ ಬಾಗಿಲ ತನಕ ಬಂದ್ರೂ ನಿನ್ನ ಮಾತು ಕೇಳಿ ವಾಪಸ್ ಹೋಗುತ್ತೆ" ಎಂದು ಅಕ್ಕ ನಗುತ್ತಿದ್ದಳು. ನಕ್ಕರೆ ಅವಳಿಗೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ನಾನು ಅದಕ್ಕೂ ಬೈಯುತ್ತಿದ್ದೆ.

ವರ್ಷಕ್ಕೊಮ್ಮೆ, ಗಾಳಿಯ ಕಾಲ ಶುರುವಾಗುವ ಎರಡು ತಿಂಗಳು ಮುಂಚೆ, ನಮ್ಮ ಕಚೇರಿಯಲ್ಲಿ ಯಾರಿಗೂ ಕೂರಲು ಪುರುಸೊತ್ತಿರುವುದಿಲ್ಲ. ಲೈನ್‌ಮನ್‌ಗಳು ತಂತಿಗೆ ತಾಗುವ ಕೊಂಬೆ ಕಡಿಯುತ್ತಾರೆ, ವಾಲಿದ ಕಂಬಗಳನ್ನು ನೆಟ್ಟಗೆ ಮಾಡುತ್ತಾರೆ. ನಾನು ಪಟ್ಟಿ ಮಾಡುತ್ತೇನೆ. ಕರೆಂಟು ಹೋದರೆ ಉಸಿರೇ ಹೋಗುವಂಥವರು ಊರಿನ ಯಾವ ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ. ಮನೆಗೆ ಹೋಗಿ ಯಂತ್ರವನ್ನು ಕಣ್ಣಾರೆ ನೋಡಬೇಕು, ಡಾಕ್ಟರ ಚೀಟಿ ನೋಡಬೇಕು, ಆಮೇಲೆ ಆ ಮನೆಗೆ ತಂತಿ ಎಳೆದಿರುವ ಕಂಬಕ್ಕೆ ಎದೆಮಟ್ಟದಲ್ಲಿ ಸುತ್ತಲೂ ಕೆಂಪು ಬಣ್ಣ ಬಳಿಯಬೇಕು. ಗಾಳಿ ನಿಂತ ಮೇಲೆ ಲೈನ್‌ಮನ್ನಿನ ಜೇಬಿನಲ್ಲಿರುವ ಕಾಗದ ಒದ್ದೆಮುದ್ದೆ, ಫೋನು ಸತ್ತಿರುತ್ತದೆ. ಕಂಬದ ಕೆಂಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಆಸ್ಪತ್ರೆ, ನೀರಿನ ಪಂಪ್‌ಹೌಸು, ಕೆಂಪು ಬಳಿದ ಕಂಬಗಳು: ಕರೆಂಟು ಮೊದಲು ಇವಕ್ಕೆ, ಉಳಿದವರಿಗೆ ಆಮೇಲೆ.

ಆ ಕೆಂಪು ಸುತ್ತಿಗೆ ಲೈನ್‌ಮನ್‌ಗಳು 'ಬಳೆ' ಎನ್ನುತ್ತಾರೆ. ಬಣ್ಣದ ಡಬ್ಬಿ ಹಿಡಿದು ಬೀದಿ ಬೀದಿ ಅಲೆಯುವ ನನಗೆ 'ಬಳೆಗಾರ್ತಿ' ಎಂದು ಹೆಸರಿಟ್ಟವನು ಕೊಕ್ಕರೆ. ಕೊಕ್ಕರೆ ಎಂದರೆ ನಮ್ಮ ಹಿರಿಯ ಲೈನ್‌ಮನ್. ಉದ್ದನೆಯ ಕಾಲು, ಉದ್ದನೆಯ ಕತ್ತು. ಕಂಬ ಹತ್ತಲು ಇವನಿಗೆ ಏಣಿ ಯಾಕೆ, ಕತ್ತು ಚಾಚಿದರೆ ಸಾಕು ಎಂದು ಜೊತೆಯವರು ಕಾಡಿಸುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೈಗವಸು ಇಲ್ಲದೆ ಕಂಬ ಹತ್ತಲು ಹೊರಟಿದ್ದವನನ್ನು ನಾನು ಕಿವಿ ಹಿಂಡಿ ಇಳಿಸಿದ್ದೆ. ಅಂದಿನಿಂದ ನಾನು ಹೇಳಿದ್ದೆಂದರೆ ಅವನಿಗೆ ವೇದವಾಕ್ಯ.

ಮನೆಮನೆಗೆ ಹಂಚುವ ಹಾಳೆಯನ್ನು ಬರೆದವಳೂ ನಾನೇ. ಮೇಲಿನವರು ಕಳಿಸಿದ್ದ ಹಾಳೆ ಓದಿದವರಿಗೆ ಅರ್ಥವಾಗುತ್ತಿರಲಿಲ್ಲ, ಬರೆದವರಿಗೂ ಆಗಿರಲಿಕ್ಕಿಲ್ಲ. ನಾನು ಕೂತು ಹೊಸದಾಗಿ ಬರೆದೆ. ಮಾಡಿನ ತಗಡಿಗೆ ಹಗ್ಗ ಬಿಗಿಯಿರಿ. ಮೇಲಿನ ಟ್ಯಾಂಕಿನ ತುಂಬ ನೀರಿರಲಿ, ಖಾಲಿ ಟ್ಯಾಂಕ್ ಹಾರುತ್ತದೆ. ಟಾರ್ಚಿಗೆ ಹೊಸ ಸೆಲ್ ಹಾಕಿ. ಬಿದ್ದ ತಂತಿಯನ್ನು ಸತ್ತ ಹಾವು ಅಂದುಕೊಂಡು ದಾಟಬೇಡಿ. ಮನೆ ಬಿಟ್ಟು ಹೊರಡುವಾಗ ಮೇನ್ ಸ್ವಿಚ್ ಆರಿಸಿ. ಹೀಗೆ ಹನ್ನೊಂದು ಸಾಲು. ಏಳನೆಯ ಸಾಲು ದಪ್ಪಕ್ಷರದ್ದು: ಯಂತ್ರದ ಮೇಲಿರುವವರನ್ನು ಬೇರೆ ಮನೆಗೆ ಸಾಗಿಸುವುದಾದರೆ ಪಟ್ಟಿ ಮುಚ್ಚುವ ಮೊದಲು ಕಚೇರಿಗೆ ತಿಳಿಸಿ, ಆಮೇಲಾದರೆ ನೇರ ಆಸ್ಪತ್ರೆಗೆ ಸೇರಿಸಿ.

ಅಕ್ಕ ಪ್ರತಿ ವರ್ಷ ಆ ಹಾಳೆಯನ್ನು ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. "ನಮ್ಮ ಪಿಟೀಲು ಬರೆದಿದ್ದು. ಎಷ್ಟು ಚೆನ್ನಾಗಿ ಬೈದಿದ್ದಾಳೆ ನೋಡಿ." ಪಿಟೀಲು ಎಂದರೆ ನಾನು. ಚಿಕ್ಕವಳಿದ್ದಾಗ ಬೆಳಗಿಂದ ಸಂಜೆಯ ತನಕ ರಾಗ ಎಳೆಯುತ್ತಿದ್ದೆನಂತೆ. ಐವತ್ನಾಲ್ಕು ವರ್ಷವಾದರೂ ಆ ಹೆಸರು ಬಿಟ್ಟುಹೋಗಲಿಲ್ಲ.

ಅಕ್ಕ ನನಗಿಂತ ಹದಿಮೂರು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದಾಗ ನನಗೆ ನಾಲ್ಕು. ಅಕ್ಕ ಹಾಸಿಗೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಕೆಲಸಕ್ಕೆ ಸೇರಿದಳು. ಮೂವತ್ತು ವರ್ಷ ಹಿಂಜಿದಳು. ಸಂಜೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ನನ್ನನ್ನು ಓದಿಸಿದ್ದು, ಟೈಪಿಂಗ್ ಕಲಿಸಿದ್ದು, ಈ ಕೆಲಸದ ಪರೀಕ್ಷೆಗೆ ಕೂರಿಸಿದ್ದು ಆ ಹತ್ತಿ. ಅದರ ಧೂಳು ಅವಳ ಎದೆಯಲ್ಲಿ ಕೂತದ್ದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಐದು ವರ್ಷದಿಂದ ಮೂಗಿಗೆ ನಳಿಕೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್. "ನಿನ್ನ ಡಿಗ್ರಿ ನನ್ನ ಎದೇಲಿದೆ ಕಣೆ, ಬೇಕಾದ್ರೆ ತೆಗೆಸಿಕೋ" ಎಂದು ತಮಾಷೆ ಮಾಡುತ್ತಿದ್ದಳು. ಆ ತಮಾಷೆಗೆ ನಾನು ಒಂದು ದಿನವೂ ನಕ್ಕಿಲ್ಲ.

ನಮ್ಮಿಬ್ಬರ ಮಧ್ಯೆ ಮುಗಿಯದ ಒಂದು ವ್ಯಾಜ್ಯವಿತ್ತು. ಅಕ್ಕ ಏನೇ ಹೇಳಲಿ, ನಾನು ಅದಕ್ಕೊಂದು ಕೊಕ್ಕೆ ಹಾಕುತ್ತಿದ್ದೆ. ಅವಳು ಮಳೆ ಬರುತ್ತೆ ಎಂದರೆ ನಾನು ಬಿಸಿಲು ಎನ್ನುತ್ತಿದ್ದೆ. ಮಳೆ ಬಂದು ನೆಂದ ಮೇಲೂ ಒಪ್ಪುತ್ತಿರಲಿಲ್ಲ. "ಒಂದೇ ಒಂದು ಸಲ 'ಅಕ್ಕಾ, ನೀನು ಹೇಳಿದ್ದೇ ಸರಿ' ಅನ್ನೇ. ಸತ್ರೂ ನೆಮ್ಮದಿಯಾಗಿ ಸಾಯ್ತೀನಿ."

"ಹಾಗಾದ್ರೆ ಹೇಳೋದೇ ಇಲ್ಲ. ಬದುಕಿರು."

ಹೀಗೆ ನಾವು ಮಾತಾಡುತ್ತಿದ್ದೆವು.

ಗಾಳಿಯ ಮುನ್ಸೂಚನೆ ಬಂದ ದಿನ ಪಟ್ಟಿ ಮುಚ್ಚುತ್ತದೆ. ಆಮೇಲೆ ಒಂದು ಹೆಸರೂ ಸೇರುವುದಿಲ್ಲ, ಒಂದು ಬಳೆಯೂ ಜಾಗ ಬದಲಿಸುವುದಿಲ್ಲ. ಈ ನಿಯಮ ಮಾಡಿದವಳೂ ನಾನೇ. ಅದಕ್ಕೆ ಕಾರಣವಿತ್ತು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವನು ಗಾಳಿ ಬಂದಾಗ ತೂರಿಕೊಂಡವನು. ಕೊನೆಯ ದಿನ ಬ್ರಷ್ಷು ಹಿಡಿದು ತನ್ನ ಮಾವನ ಮನೆಯ ಕಂಬಕ್ಕೊಂದು, ನಾದಿನಿಯ ಮನೆಯ ಕಂಬಕ್ಕೊಂದು ಬಳೆ ಬಳಿದಿದ್ದ. ಹೋಗಿ ನೋಡಿದರೆ ಅಲ್ಲಿ ಮೆಷಿನ್ನೂ ಇಲ್ಲ, ರೋಗಿಯೂ ಇಲ್ಲ, ದೊಡ್ಡ ಫ್ರಿಜ್ಜಿತ್ತು. ನಾನು ಕುರ್ಚಿಗೆ ಬಂದ ದಿನವೇ ಎಲ್ಲರ ಮುಂದೆ ಹೇಳಿದೆ: ಈ ಕಚೇರಿಯವರು ಯಾರೂ ತಮ್ಮ ಮನೆಯ ಕಂಬಕ್ಕೆ ಬ್ರಷ್ಷು ತಾಗಿಸಕೂಡದು, ನಾನೂ ಸೇರಿ. ಅಕ್ಕನ ಮನೆಯ ಪರಿಶೀಲನೆಯನ್ನು ಕೂಡ ನಾನು ಮಾಡಲಿಲ್ಲ. ನಮ್ಮ ಇಂಜಿನಿಯರ್ ಸಾಹೇಬರೇ ಹೋಗಿ ನೋಡಿ ಬರೆದರು, ಬಳೆ ಬಳಿದವನು ಕೊಕ್ಕರೆ.

ಈ ಸಲ ಪಟ್ಟಿ ಮುಚ್ಚಿದ ಮಾರನೆಯ ದಿನ ಗಡಿಯಾರ ರಿಪೇರಿಯವನು ಕಿಟಕಿಗೆ ಬಂದ. ಅವನ ಅಪ್ಪನಿಗೂ ಅಕ್ಕನಿಗಿದ್ದಂಥದೇ ಮೆಷಿನ್. ಇಷ್ಟು ದಿನ ಅಣ್ಣನ ಮನೆಯಲ್ಲಿದ್ದ ಅಪ್ಪನನ್ನು ನಿನ್ನೆ ಸಂಜೆ ತನ್ನ ಮನೆಗೆ ಕರೆತಂದಿದ್ದ. ಬಳೆ ಅಣ್ಣನ ಮನೆಯ ಕಂಬಕ್ಕಿತ್ತು.

"ಒಂದು ದಿನ ಲೇಟಾಯ್ತು ಮೇಡಂ. ದಯವಿಟ್ಟು ನಮ್ಮ ಕಂಬಕ್ಕೊಂದು..."

"ಗಡಿಯಾರ ರಿಪೇರಿ ಮಾಡೋರಿಗೇ ಟೈಮ್ ಗೊತ್ತಾಗ್ಲಿಲ್ವಾ?" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಬಿಡಲಿಲ್ಲ. "ಹಾಳೆ ಓದಿದ್ರಾ? ಏಳನೇ ಸಾಲು? ಓದಿಲ್ಲ ಅಲ್ವಾ? ಗಡುವು ಅಂದ್ರೆ ಗಡುವು. ಇವತ್ತೇ ಅಪ್ಪನ್ನ ಆಸ್ಪತ್ರೆಗೆ ಸೇರಿಸಿ. ಹೋಗಿ, ಮುಂದಿನವರು ಬರ್ಲಿ."

ಅವನು ಮುಖ ಸಪ್ಪಗೆ ಮಾಡಿಕೊಂಡು ಹೋದ. ಬೇಸರವಾಯಿತೇ ಎಂದು ಕೇಳಿದರೆ, ಇಲ್ಲ. ನಿಯಮವನ್ನು ನೆಟ್ಟಗೆ ನಿಲ್ಲಿಸಿದೆ ಎಂಬ ಹೆಮ್ಮೆಯೇ ಇತ್ತು.

ಅದೇ ಸಂಜೆ ರೇಡಿಯೋದಲ್ಲಿ ಹೇಳಿದರು: ನಾಡಿದ್ದು ಬೆಳಗ್ಗೆ ಗಾಳಿ ದಡ ಮುಟ್ಟುತ್ತದೆ, ಕಾಲುವೆ ಪಕ್ಕದ ಬೀದಿಗಳಿಗೆ ನೀರು ನುಗ್ಗಬಹುದು. ಅಕ್ಕನ ಮನೆ ಕಾಲುವೆ ಪಕ್ಕದ ಬೀದಿಯಲ್ಲೇ. ನನ್ನದು ಏರಿನ ಮೇಲೆ, ಅದೂ ಮಹಡಿ. ಮಾರನೆಯ ದಿನ ಮಧ್ಯಾಹ್ನ ರಜೆ ಹಾಕಿ, ನನ್ನ ಕೆಳಗಿನ ಮನೆಯ ಟೈಲರನ್ನು ಜೊತೆಗೆ ಕರೆದುಕೊಂಡು, ಬಾಡಿಗೆ ವ್ಯಾನಿನಲ್ಲಿ ಅಕ್ಕನ ಮನೆಗೆ ಹೋದೆ.

"ನಾನು ಬರಲ್ಲ" ಎಂದಳು ಅಕ್ಕ.

"ಮುಳುಗ್ತೀಯಾ?"

"ಈ ಬೀದಿಗೆ ಯಾವತ್ತೂ ನೀರು ಬಂದಿಲ್ಲ ಕಣೆ. ನಲವತ್ತು ವರ್ಷದಿಂದ ನೋಡ್ತಿದ್ದೀನಿ. ನೀರು ಆ ಕಡೆ ತಗ್ಗಿಗೆ ಹೋಗುತ್ತೆ. ನಮ್ಮ ಕಂಬಕ್ಕೆ ಬಳೆ ಇದೆ, ಕರೆಂಟು ಮೊದಲು ಇಲ್ಲಿಗೇ ಬರುತ್ತೆ. ನಿನ್ನ ಕಂಬ ಬೋಳು."

"ನಂದು ಪಂಪ್‌ಹೌಸ್ ಲೈನು. ಇಪ್ಪತ್ತು ವರ್ಷದಲ್ಲಿ ಮೂರು ಗಂಟೆ ಮೇಲೆ ಕರೆಂಟು ಹೋಗಿಲ್ಲ. ನಿನಗೇನು ಗೊತ್ತು?"

"ಹಾಗಾದ್ರೆ ಆಸ್ಪತ್ರೆಗೆ ಹಾಕು. ನೀನೇ ಬರೆದಿದ್ದೀಯಲ್ಲ ಇಲ್ಲಿ" ಎಂದು ಗೋಡೆಯ ಹಾಳೆಯ ಮೇಲೆ ಬೆರಳಿಟ್ಟಳು. ನನ್ನನ್ನು ಕೆಣಕಲೆಂದೇ ಹೇಳಿದ್ದು. ಆಸ್ಪತ್ರೆಯ ವಾಸನೆ ಅವಳಿಗೆ ಆಗುತ್ತಿರಲಿಲ್ಲ.

"ಅಲ್ಲಿ ಒಂದು ಮಂಚಕ್ಕೆ ಇಬ್ಬರನ್ನ ಮಲಗಿಸಿರ್ತಾರೆ. ನಾನಿದ್ದೀನಲ್ಲ. ನನ್ನ ಕೈಯಲ್ಲಿ ಆಗದೇ ಇರೋದು ಏನಿದೆ?"

ಊರಿಗೆಲ್ಲ ಶಾಸ್ತ್ರ ಹೇಳಿ ಬದನೆಕಾಯಿ ತಿಂದವಳು ನಾನು. ನನಗೆ ನಾನೇ ಇದ್ದೇನೆ ಎಂಬ ಧೈರ್ಯ. ಟೈಲರು ಮೆಷಿನ್ ಹೊತ್ತ, ನಾನು ಬ್ಯಾಟರಿ, ಸಣ್ಣ ಸಿಲಿಂಡರು, ಔಷಧದ ಚೀಲ ಹಿಡಿದೆ. ಹೊರಡುವಾಗ ಮೇನ್ ಸ್ವಿಚ್ಚಿಗೆ ಕೈ ಹಾಕಿದರೆ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. "ಅದೊಂದು ಬೇಡ ಕಣೆ. ವರಾಂಡದ ದೀಪ ಉರೀತಿರ್ಲಿ. ಕತ್ತಲೆ ಮನೆಗೆ ವಾಪಸ್ ಬರೋಕೆ ನಂಗಿಷ್ಟ ಇಲ್ಲ." ಅದೊಂದನ್ನು ಬಿಟ್ಟುಕೊಟ್ಟೆ. ಬೇರೆ ಎಲ್ಲದರಲ್ಲೂ ಗೆದ್ದಿದ್ದೆನಲ್ಲ.

ನನ್ನ ಮನೆಯ ಮೆಟ್ಟಿಲ ಕೆಳಗೆ ಕೆಂಪು ಬಣ್ಣದ ಡಬ್ಬಿಯಿತ್ತು, ಬ್ರಷ್ಷೂ ಇತ್ತು. ಮನೆಯ ಮುಂದಿನ ಕಂಬ ಹತ್ತು ಹೆಜ್ಜೆ. ಸಂಜೆ ಬಿಸಿಲಿತ್ತು, ಬಳಿದಿದ್ದರೆ ಒಂದು ಗಂಟೆಯಲ್ಲಿ ಒಣಗುತ್ತಿತ್ತು. ನಾನು ಡಬ್ಬಿಯನ್ನು ನೋಡಿದೆ, ಇಲ್ಲವೆನ್ನುವುದಿಲ್ಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ನಾಳೆ ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ, ಗಡಿಯಾರದವನನ್ನು ನಗೆಪಾಟಲು ಮಾಡಿ ಕಳಿಸಿದವಳು ತನ್ನ ಕಂಬಕ್ಕೆ ಬಳಿದುಕೊಂಡಳು ಎನ್ನುತ್ತಾರೆ ಅಂದುಕೊಂಡೆ. ಕೊಕ್ಕರೆಗೆ ಫೋನ್ ಮಾಡಿ ಅಕ್ಕ ಇಲ್ಲಿದ್ದಾಳೆ ಎಂದು ಹೇಳಲೂ ಇಲ್ಲ. ಹೇಳಿದ್ದರೆ ಅವನು ನಾನು ಬೇಡವೆಂದರೂ ಬಂದು ಬಳಿಯುತ್ತಿದ್ದ. ಡಬ್ಬಿಯನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿ ಮೇಲೆ ಹೋದೆ.

ಮಾರನೆಯ ಬೆಳಗ್ಗೆ ಐದಕ್ಕೆ ಕರೆಂಟು ಹೋಯಿತು. ಗಾಳಿ ಕಿಟಕಿಗೆ ಹೊಡೆದ ಹಲಗೆಗಳನ್ನು ಕಿತ್ತೇ ತೀರುತ್ತೇನೆ ಎಂಬಂತೆ ಎಳೆಯುತ್ತಿತ್ತು. ನನಗೆ ಭಯವಿರಲಿಲ್ಲ. ಬ್ಯಾಟರಿ ನಾಲ್ಕು ಗಂಟೆ, ಸಿಲಿಂಡರು ಐದು ಗಂಟೆ. ಒಂಬತ್ತು ಗಂಟೆಯ ಉಸಿರು ಕೈಯಲ್ಲಿತ್ತು. ಬೇಕಾದದ್ದು ಮೂರು. ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಕೂತು ಗಾಳಿಯ ಸದ್ದು ಕೇಳುತ್ತಿದ್ದಳು. "ಇದಕ್ಕೆ ನಿನಗಿಂತ ಬಾಯಿ ಜೋರು ಕಣೆ" ಎಂದಳು.

ಒಂಬತ್ತಕ್ಕೆ ಬ್ಯಾಟರಿ ಕೀ ಕೀ ಎಂದು ಕೂಗಿ ನಿಂತಿತು. ಸಿಲಿಂಡರಿಗೆ ನಳಿಕೆ ಬದಲಿಸಿದೆ. ಹತ್ತೂವರೆಯ ಹೊತ್ತಿಗೆ ಗಾಳಿ ಸ್ವಲ್ಪ ತಗ್ಗಿತು. ಇನ್ನೇನು ಬರುತ್ತಾರೆ ಎಂದು ಕಿಟಕಿಯ ಸಂದಿಗೆ ಕಿವಿಯಿಟ್ಟು ಕೂತಿದ್ದೆ.

ಆಗ ಕೇಳಿತು. ಬೀದಿಯ ಕೊನೆಯಿಂದ, ಪಂಪ್‌ಹೌಸಿನ ಕಡೆಯಿಂದ, ಗುಡುಗುಡು ಗುಡುಗುಡು ಎಂಬ ಸದ್ದು. ಡೀಸೆಲ್ ಜನರೇಟರು.

ಈ ವರ್ಷದ ತಯಾರಿಯಲ್ಲಿ ಪಂಪ್‌ಹೌಸಿಗೆ ಸ್ವಂತ ಜನರೇಟರ್ ಕೊಟ್ಟಿದ್ದರು. ಅದಕ್ಕೆ ಇನ್ನು ನಮ್ಮ ಕರೆಂಟಿನ ಅವಸರವಿಲ್ಲ; ಹಾಗಾಗಿ ಪಂಪ್‌ಹೌಸ್ ಲೈನನ್ನು ಮೊದಲ ಸರದಿಯಿಂದ ಕೊನೆಯ ಸರದಿಗೆ ಹಾಕಲಾಗಿದೆ. ಆ ಆದೇಶವನ್ನು ಟೈಪ್ ಮಾಡಿದವಳು ನಾನು. ಎರಡು ತಿಂಗಳ ಹಿಂದೆ, ನನ್ನ ಇದೇ ಹತ್ತು ಬೆರಳಿನಿಂದ, ಮೂರು ಪ್ರತಿ. ಒಂದನ್ನು ಫೈಲಿಗೂ ಹಾಕಿದ್ದೆ. ಬೆರಳು ಟೈಪ್ ಮಾಡಿತ್ತು, ತಲೆ ಇಪ್ಪತ್ತು ವರ್ಷದ ಹಳೇ ದಾರಿಯಲ್ಲೇ ನಡೆಯುತ್ತಿತ್ತು. ನನ್ನ ಮನೆಯ ಲೈನಿಗೆ ಇವತ್ತು ಯಾರೂ ಬರುವುದಿಲ್ಲ. ಬಳೆಯಿದ್ದರೆ ಮಾತ್ರ ಬರುತ್ತಾರೆ.

ಫೋನು ಸತ್ತಿತ್ತು. ಮೆಟ್ಟಿಲಿಳಿದು ಡಬ್ಬಿ ತೆಗೆದುಕೊಂಡು ಮಳೆಗೆ ಓಡಿದೆ. ಕಂಬವನ್ನು ಟವೆಲಿನಿಂದ ಒರೆಸಿದೆ, ಬಳಿದೆ. ಬಣ್ಣ ಹಿಡಿಯಲಿಲ್ಲ. ಮತ್ತೆ ಒರೆಸಿದೆ, ಮತ್ತೆ ಬಳಿದೆ. ಕೆಂಪು ನೀರು ನನ್ನ ಮೊಣಕೈಗೆ, ಕಾಲಿಗೆ, ಚರಂಡಿಗೆ ಹರಿಯುತ್ತಿತ್ತು. ಬ್ರಷ್ಷು ಬಿಸಾಕಿ ಅಂಗೈಯಿಂದಲೇ ಮೆತ್ತಿದೆ. ಟೈಲರು ಹೊರಗೆ ಬಂದು ನನ್ನ ರಟ್ಟೆ ಹಿಡಿದ.

"ಏನ್ಮಾಡ್ತಿದ್ದೀರಿ ಮೇಡಂ? ತಂತಿ ನೇತಾಡ್ತಿದೆ ಮೇಲೆ!"

"ಕಚೇರಿಗೆ ಹೋಗಣ್ಣಾ. ನಿನ್ನ ಕಾಲಿಗೆ ಬೀಳ್ತೀನಿ. ಕೊಕ್ಕರೆ ಸಿಗ್ತಾನೆ. ಅಕ್ಕ ಇಲ್ಲಿದ್ದಾಳೆ ಅಂತ ಹೇಳು, ಅಷ್ಟೇ ಹೇಳು, ಅವನಿಗೆ ಅರ್ಥ ಆಗುತ್ತೆ."

ನಾನು ಯಾರಿಗೂ ಕಾಲಿಗೆ ಬೀಳುತ್ತೇನೆ ಎಂದವಳಲ್ಲ. ಆ ಮನುಷ್ಯ ಚಪ್ಪಲಿ ಕೂಡ ಹಾಕದೆ ಓಡಿದ. ಎರಡು ತಾಸು ಕಳೆದ ಮೇಲೆ ಸೊಂಟದವರೆಗೆ ಕೆಸರಾಗಿ ವಾಪಸ್ ಬಂದ. ಸೇತುವೆಯ ಮೇಲೆ ಎರಡು ಮರ ಬಿದ್ದಿವೆ, ಮರದಡಿ ತಂತಿ ಸಿಕ್ಕಿಕೊಂಡಿದೆ, ಪೊಲೀಸರು ಯಾರನ್ನೂ ಬಿಡುತ್ತಿಲ್ಲ. ಕಚೇರಿಯೂ ಸೇತುವೆಯ ಆ ಕಡೆ, ಆಸ್ಪತ್ರೆಯೂ ಆ ಕಡೆ, ಅಕ್ಕನ ಮನೆಯೂ ಆ ಕಡೆ. "ಕೂಗಿ ಕೂಗಿ ಹೇಳ್ದೆ ಮೇಡಂ. ಗಾಳೀಲಿ ಯಾರಿಗೂ ಕೇಳಿಸ್ಲಿಲ್ಲ" ಎಂದು ಅವನು ಮೆಟ್ಟಿಲಲ್ಲೇ ಕುಸಿದು ಅತ್ತ.

ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ಆಕ್ಸಿಜನ್ ಹರಿವನ್ನು ಎರಡು ಲೀಟರಿನಿಂದ ಒಂದೂವರೆಗೆ ತಗ್ಗಿಸಿದೆ, ಆಮೇಲೆ ಒಂದಕ್ಕೆ. ಅಕ್ಕನಿಗೆ ಗೊತ್ತಾಯಿತು. ಮೂವತ್ತು ವರ್ಷ ಹತ್ತಿ ಹಿಂಜಿ ತೂಗಿದವಳಿಗೆ ತೂಕ ಕಡಿಮೆಯಾದದ್ದು ಗೊತ್ತಾಗದೆ ಇರುತ್ತದೆಯೇ? ಅವಳ ಉಗುರಿನ ಬುಡ ನೀಲಿಯಾಗತೊಡಗಿತ್ತು. ನನ್ನ ಕೆಂಪು ಕೈಗಳನ್ನು ನೋಡಿದಳು.

"ಏನೇ ಇದು?"

"ಬಣ್ಣ."

"ಬಳಿದ್ಯಾ?" ಅವಳ ಮುಖದಲ್ಲಿ ನಗು ಬಂತು. "ನಿನ್ನ ಕಂಬಕ್ಕೆ? ಅಯ್ಯೋ ನನ್ನ ಪಿಟೀಲು."

"ಮಾತಾಡ್ಬೇಡ. ಉಸಿರು ಉಳಿಸ್ಕೋ."

ಆಮೇಲೆ ಒಂದೊಂದೇ ಮಾತು ಹೆಕ್ಕಿಕೊಂಡು ಹೇಳಿದಳು. "ನಮ್ಮನೇಲಿ... ಇಷ್ಟೊತ್ತಿಗೆ... ಕರೆಂಟು ಬಂದಿರುತ್ತೆ ಕಣೆ."

ಅದು ನಿಜವೆಂದು ನನಗೂ ಗೊತ್ತಿತ್ತು. ಆದರೆ ಬಾಯಿ? ಆ ಬಾಯಿಗೆ ಅಭ್ಯಾಸವಾಗಿಹೋಗಿದೆ. "ಎಲ್ಲಿಂದ ಬರುತ್ತೆ? ಅಲ್ಲಿ ಮೊಣಕಾಲುಮಟ್ಟ ನೀರು ನಿಂತಿರುತ್ತೆ. ಸುಮ್ನೆ ಮಲಕ್ಕೋ."

"ಆಯ್ತು ಬಿಡೇ" ಎಂದಳು ಅಕ್ಕ. "ನಿಂದೇ ಸರಿ."

ಅದೇ ಅವಳ ಕೊನೆಯ ಮಾತು. ಎರಡೂವರೆಗೆ ಸಿಲಿಂಡರು ಮುಗಿಯಿತು. ಕಿಟಕಿಯ ಹಲಗೆಗಳನ್ನೆಲ್ಲ ಕಿತ್ತೆ. ಹೊರಗೆ ಊರು ತುಂಬ ಗಾಳಿ, ಅವಳ ಎದೆಯೊಳಗೆ ಹೋಗಲು ಅದಕ್ಕೆ ದಾರಿಯಿಲ್ಲ. ಅವಳನ್ನು ನನ್ನ ಎದೆಗೊರಗಿಸಿಕೊಂಡು ಕೂತೆ. ನಾಲ್ಕು ವರ್ಷದವಳಿದ್ದಾಗ ನನಗೆ ಜ್ವರ ಬಂದರೆ ಅವಳು ಹಾಗೆ ಕೂರುತ್ತಿದ್ದಳು. ಮೂರೂಕಾಲಿಗೆ ಅಕ್ಕ ಹೋದಳು. ನಾನು ಅವಳ ಬೆನ್ನು ಸವರುತ್ತಲೇ ಇದ್ದೆ. ಟೈಲರು ಬಂದು ನನ್ನ ಕೈ ಬಿಡಿಸುವ ತನಕ ಸವರುತ್ತಿದ್ದೆ.

ಸಂಜೆ ಐದೂವರೆಗೆ ಮಳೆ ನಿಂತು ಬೆಳಕು ಹರಡಿತ್ತು. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

"ಬಳೆಗಾರ್ತಮ್ಮಾ! ಎಲ್ಲಿದ್ದೀರಿ? ಮೊದಲು ಸಕ್ಕರೆ ಹಾಕಿ ಬಾಯಿಗೆ!"

ಕೊಕ್ಕರೆ. ತಲೆಯಿಂದ ಕಾಲಿನ ತನಕ ಕೆಸರು, ಹಲ್ಲು ಮಾತ್ರ ಬೆಳ್ಳಗೆ. ಹದಿಮೂರು ಗಂಟೆಯಿಂದ ನೀರು ಬಿಟ್ಟರೆ ಏನೂ ಮುಟ್ಟಿಲ್ಲವಂತೆ. ಸೇತುವೆಯ ಮರ ಕಡಿದು ಮುಗಿದದ್ದೇ ತಡ, ನನಗೆ ಸುದ್ದಿ ಮುಟ್ಟಿಸಲೆಂದು ಓಡಿ ಬಂದಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ದೊಡ್ಡಮ್ಮನ ಮನೆಗೆ ಕರೆಂಟು ಕೊಟ್ಟೆ ಮೇಡಂ! ಊರಿಗೆಲ್ಲ ಮೊದಲು. ಹನ್ನೊಂದೂ ಮುಕ್ಕಾಲಿಗೆ! ಗಾಳಿ ಇನ್ನೂ ಇದೆ, ಹತ್ತಬೇಡ ಅಂದ್ರು ಎಲ್ಲರೂ. ಬಳೆಗಾರ್ತಮ್ಮನ ಅಕ್ಕನ ಮನೆ ಕಣ್ರೋ ಅದು, ನಾನು ನೋಡ್ತಾ ನಿಲ್ಲಲಾ ಅಂದೆ. ಹತ್ತೇಬಿಟ್ಟೆ. ಹಾಕಿದ ತಕ್ಷಣ ವರಾಂಡದ ಬಲ್ಬು ಝಗ್ ಅಂತು ನೋಡಿ, ಕಂಬದ ಮೇಲೇ ಚಪ್ಪಾಳೆ ಹೊಡೆದೆ. ಬಾಗಿಲು ತಟ್ಟೋಕೆ ಟೈಮ್ ಇರ್ಲಿಲ್ಲ, ಇನ್ನೂ ನಲವತ್ತು ಬಳೆ ಇತ್ತು. ದೀಪ ಉರೀತಿದೆ, ದೊಡ್ಡಮ್ಮ ಒಳಗೆ ಆರಾಮಾಗಿದ್ದಾರೆ ಅಂದ್ಕೊಂಡು ಹೋದೆ. ಆ ಬೀದಿಗೆ ಒಂದು ಹನಿ ನೀರು ನುಗ್ಗಿಲ್ಲ!"

"ಒಳ್ಳೇದು ಮಾಡ್ದೆ ಕಣೋ" ಎಂದೆ.

"ಅದ್ಸರಿ, ಕೆಳಗೆ ನಿಮ್ಮ ಕಂಬಕ್ಕೆ ಏನದು, ಕೆಂಪು ಕೆಂಪಾಗಿ..."

ಅವನ ಕತ್ತು ಉದ್ದ. ನಾನು ಅಡ್ಡ ನಿಂತರೂ ನನ್ನ ಭುಜದ ಮೇಲಿಂದ ಅವನಿಗೆ ಒಳಗಿನ ಮಂಚ ಕಂಡಿತು. ಮೆಷಿನ್ ಕಂಡಿತು. ಮುಖದ ತನಕ ಹೊದಿಸಿದ ಹೊದಿಕೆ ಕಂಡಿತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಇಲ್ಲಿದ್ರಾ?" ಎಂದ. ಆಮೇಲೆ ಮಗುವಿನ ಹಾಗೆ ಅಳುತ್ತಾ ಕೇಳಿದ. "ಒಂದು ಮಾತು ಹೇಳಬಾರ್ದಿತ್ತಾ ಮೇಡಂ? ಊರಿಗೆಲ್ಲ ಹೇಳ್ತೀರಲ್ಲಾ... ನನಗೆ ಒಂದೇ ಒಂದು ಮಾತು?"

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ, ಅಕ್ಕನನ್ನು ಮಣ್ಣು ಮಾಡಿ ಬಂದ ಮೇಲೆ, ಗಡಿಯಾರ ರಿಪೇರಿಯವನು ಬಾಗಿಲಿಗೆ ಬಂದ. ಅವನಿಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ. ನನ್ನ ಅಕ್ಕ ತೀರಿಕೊಂಡಳು ಎಂದಷ್ಟೇ ಕೇಳಿದ್ದ. ಕೈಮುಗಿದು ನಿಂತ.

"ನೀವು ಅವತ್ತು ಬೈದಿದ್ದು ಒಳ್ಳೇದೇ ಆಯ್ತು ಮೇಡಂ. ಅವತ್ತೇ ಸಂಜೆ ಅಪ್ಪನ್ನ ಆಸ್ಪತ್ರೆಗೆ ಸೇರಿಸಿದೆ. ನಮ್ಮ ಬೀದಿಗೆ ಇವತ್ತಿಗೂ ಕರೆಂಟಿಲ್ಲ. ನಿಮ್ಮಿಂದ ಅಪ್ಪ ಉಳಿದ್ರು."

ನಾನು ತಲೆಯಾಡಿಸಿದೆ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಗೋಡೆಗೆ ತಲೆ ಚಚ್ಚಿಕೊಂಡೆ. ಅವನ ಅಪ್ಪ ಉಳಿದದ್ದಕ್ಕೆ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಕೀಳಾಗಿದ್ದೆ ಆ ಗಳಿಗೆಯಲ್ಲಿ, ಹೇಳಿಕೊಳ್ಳಲು ನಾಚಿಕೆ ಯಾಕೆ?

ಐದನೆಯ ದಿನ ಅಕ್ಕನ ಮನೆಗೆ ಹೋದೆ. ಬೀದಿಯುದ್ದಕ್ಕೂ ಎಲೆ, ಹೆಂಚಿನ ಚೂರು, ಯಾರದೋ ಮನೆಯ ಟ್ಯಾಂಕಿನ ಮುಚ್ಚಳ. ಅಕ್ಕನ ಕಂಬದ ಬಳೆ ಮಳೆಯಲ್ಲಿ ತೊಳೆದು ಹೊಸದರ ಹಾಗೆ ಹೊಳೆಯುತ್ತಿತ್ತು. ಹಟ್ಟಹಗಲಿನಲ್ಲಿ ವರಾಂಡದ ಬಲ್ಬು ಉರಿಯುತ್ತಿತ್ತು. ಬೀಗ ತೆಗೆದು ಬಗ್ಗಿ ಹೊಸ್ತಿಲನ್ನು ಮುಟ್ಟಿ ನೋಡಿದೆ. ಒಣಗಿತ್ತು. ಅಂಗೈಗೆ ಧೂಳು ಹತ್ತಿತು. ಒಳಗೆ ಫ್ಯಾನು ತಿರುಗುತ್ತಿತ್ತು. ಹೊರಡುವ ಗಡಿಬಿಡಿಯಲ್ಲಿ ಅದನ್ನೂ ಆರಿಸಿರಲಿಲ್ಲ. ಖಾಲಿ ಮಂಚದ ಮೇಲೆ ಐದು ದಿನದಿಂದ ಗಾಳಿ ಬೀಸುತ್ತಿತ್ತು. ಮೆಷಿನ್ ಇಡುತ್ತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಚಕ್ರದ ಗುರುತು, ಪಕ್ಕದ ಗೋಡೆಯಲ್ಲಿ ಪ್ಲಗ್ಗು. ಸ್ವಿಚ್ ಒತ್ತಿದೆ. ಪುಟ್ಟ ಕೆಂಪು ದೀಪ ಹತ್ತಿತು. ಇಲ್ಲಿ ಅವಳಿಗೆ ಬೇಕಾದದ್ದೆಲ್ಲ ಇತ್ತು. ಹನ್ನೊಂದೂ ಮುಕ್ಕಾಲಿನಿಂದ ಇತ್ತು. ಅವಳೊಬ್ಬಳು ಇರಲಿಲ್ಲ.

ಗೋಡೆಯ ಹಾಳೆಯ ಒಂದು ಮೂಲೆ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ಏಳನೆಯ ಸಾಲಿನ ಕೆಳಗೆ ಪೆನ್ಸಿಲಿನ ಗೆರೆ. ಅಕ್ಕನೇ ಎಳೆದದ್ದು. ನಾನು ಬರುತ್ತೇನೆಂದು ಗೊತ್ತಾದ ಮೇಲೆ, ನನಗೆ ತೋರಿಸಲೆಂದು ಎಳೆದಿಟ್ಟಿದ್ದಳೋ ಏನೋ. ಅವತ್ತು ಅವಳು ಬೆರಳಿಟ್ಟಾಗ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಮಂಚದ ತುದಿಯಲ್ಲಿ, ನಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಕೂತೆ. ದಿಂಬಿನ ಕಡೆ ತಿರುಗಿದೆ.

"ಅಕ್ಕಾ" ಎಂದೆ, "ನೀನು ಹೇಳಿದ್ದೇ ಸರಿ ಕಣೆ."

ಮತ್ತೊಮ್ಮೆ ಹೇಳಿದೆ, ಜೋರಾಗಿ, ಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ.